ಬಲಕ್ಕೆ ಓಡುವ ಚೆಂಡು

ಪ್ರಶ್ನೆ: ನಾನು ಹನೂರಿನವನು, ಕೆಲಸ ಮೈಸೂರಿನಲ್ಲಿ. ಗೆಳೆಯರ ಒತ್ತಾಯಕ್ಕೆ ಗಾಲ್ಫ್ ಕಲಿಯಲು ಹೊರಟಿದ್ದೇನೆ. ಡ್ರೈವರ್ (ದೂರ ಹೊಡೆಯುವ ಕ್ಲಬ್ಬು) ಬೀಸಿದರೆ ಸಾಕು, ಚೆಂಡು ಬಲಕ್ಕೆ ತಿರುಗಿ ಪೊದೆ ಸೇರುತ್ತದೆ. ಎಡಕ್ಕೆ ಗುರಿಯಿಟ್ಟರೆ ಇನ್ನೂ ಜಾಸ್ತಿ ತಿರುಗುತ್ತದೆ. ಕೆಟ್ಟ ಹೊಡೆತವೇ ಗುರು ಅಂತಾರೆ, ಈ ಗುರು ನನಗೇಕೆ ಏನೂ ಕಲಿಸುತ್ತಿಲ್ಲ? ಊರಿಗೆ ಬಂದಾಗ ಮಲೆ ಮಹದೇಶ್ವರ ಬೆಟ್ಟದ ಕಡೆ ಅಭ್ಯಾಸಕ್ಕೆ ಮೈದಾನ ಏನಾದರೂ ಉಂಟೇ?

ಉತ್ತರ: ಕಲಿಸುತ್ತಿದೆ, ನೀವು ಪಾಠವನ್ನು ತಿರುವುಮುರುವಾಗಿ ಓದುತ್ತಿದ್ದೀರಿ. ಬೇಸರ ಬೇಡ, ಗಾಲ್ಫ್ ಪುಸ್ತಕಗಳೇ ದಶಕಗಳ ಕಾಲ ಹಾಗೆ ಓದಿದವು. ಕ್ಲಬ್ಬು ಬೀಸಿದ ದಾರಿಯಲ್ಲಿ ಚೆಂಡು ಹೊರಡುತ್ತದೆ, ಕೊನೆಗೆ ಅದರ ಮುಖ ನೋಡುವ ಕಡೆಗೆ ತಿರುಗುತ್ತದೆ ಎಂದೇ ಅವು ಹೇಳುತ್ತಿದ್ದವು. ರೇಡಾರ್ ಉಪಕರಣಗಳು ಬಂದ ಮೇಲೆ ಗೊತ್ತಾದದ್ದು ಬೇರೆ. ಚೆಂಡು ಹೊರಡುವ ದಿಕ್ಕನ್ನು ಶೇ. 80ರ ಆಸುಪಾಸು ನಿರ್ಧರಿಸುವುದು ಕ್ಲಬ್ಬಿನ ಮುಖ. ಆ ಮುಖಕ್ಕೂ ಬೀಸಿನ ದಾರಿಗೂ ಹೊಂದಿಕೆ ತಪ್ಪಿದರೆ ಚೆಂಡು ಗಾಳಿಯಲ್ಲಿ ಬಾಗುತ್ತದೆ. ಬಲಗೈ ಆಟಗಾರನ ಸ್ಲೈಸ್ ಎಂದರೆ ಇಷ್ಟೆ: ದಾರಿಗಿಂತ ಮುಖ ಬಲಕ್ಕೆ ತೆರೆದುಕೊಂಡಿದೆ.

ಈಗ ನೀವು ಮಾಡುತ್ತಿರುವುದನ್ನು ನೋಡಿ. ಚೆಂಡು ಬಲಕ್ಕೆ ಹೋಯಿತು ಅಂತ ಎಡಕ್ಕೆ ತಿರುಗಿ ನಿಲ್ಲುತ್ತೀರಿ. ಭುಜಗಳೂ ಎಡಕ್ಕೆ ತಿರುಗಿದವು, ಬೀಸೂ ಎಡಕ್ಕೆ ಎಳೆಯಿತು. ಕೈಗಳು ಮಾತ್ರ ಹಳೆಯ ಭಯದಲ್ಲಿ ಮುಖವನ್ನು ಗುರಿಯತ್ತಲೇ ಇಟ್ಟವು. ಎರಡರ ನಡುವಿನ ಬಿರುಕು ಹಿಗ್ಗಿತು, ಚೆಂಡು ಇನ್ನಷ್ಟು ಬಾಗಿತು. ಮದ್ದೇ ರೋಗವನ್ನು ಬೆಳೆಸುತ್ತಿದೆ.

ಕ್ಲಬ್ಬು ಚೆಂಡಿಗೆ ತಾಗಿರುವುದು ಸೆಕೆಂಡಿನ ಸುಮಾರು 2000ನೇ ಒಂದು ಭಾಗದಷ್ಟು ಹೊತ್ತು. ಅದು ಕಣ್ಣಿಗೆ ಸಿಗುವುದಿಲ್ಲ, ಆಮೇಲಿನ ಸಾಕ್ಷ್ಯವನ್ನೇ ಓದಬೇಕು. ಚೆಂಡು ಎಲ್ಲಿ ಬಿತ್ತು ಎನ್ನುವುದಕ್ಕಿಂತ ಮೊದಲು ಎತ್ತ ಹೊರಟಿತು ಎಂದು ನೋಡಿ. ಎಡಕ್ಕೆ ಹೊರಟು ಬಲಕ್ಕೆ ಬಾಗಿದರೆ ದೋಷ ಬೀಸಿನ ದಾರಿಯಲ್ಲಿ, ಕ್ಲಬ್ಬು ಹೊರಗಿನಿಂದ ಒಳಕ್ಕೆ ಕೊಯ್ಯುತ್ತಿದೆ. ಹೊರಡುವಾಗಲೇ ಬಲಕ್ಕೆ ಹೋಗಿ ಇನ್ನೂ ಬಲಕ್ಕೆ ಬಾಗಿದರೆ ಮುಖ ತೆರೆದಿದೆ. ಆಗ ಮೊದಲು ಹಿಡಿತ ತಿದ್ದಿ, ಎಡಗೈಯನ್ನು ಬಲಕ್ಕೆ ತುಸು ಹೊರಳಿಸಿ, ಮೇಲಿನಿಂದ ನೋಡಿದರೆ ಎರಡು ಮೂರು ಗೆಣ್ಣು ಕಾಣಬೇಕು. ಒಂದೇ ಪೊದೆಗೆ ಬಿದ್ದ ಎರಡು ಚೆಂಡುಗಳಿಗೆ ಎರಡು ಬೇರೆ ಕಾಯಿಲೆ ಇರಬಹುದು. ಡ್ರೈವರಿನ ಮುಖಕ್ಕೆ ಒಂದಿಷ್ಟು ಪುಡಿಯನ್ನೂ ಸವರಿ (ಟಾಲ್ಕಂ ಪೌಡರು ಸಾಕು, ಮಾದಪ್ಪನ, ಅಂದರೆ ಮಹದೇಶ್ವರನ, ವಿಭೂತಿ ಮನೆಯಲ್ಲಿರಲಿ). ಚೆಂಡಿನ ಗುರುತು ಹಿಮ್ಮಡಿಯ ಕಡೆ, ಅಂದರೆ ಕ್ಲಬ್ಬಿನ ಕೋಲಿಗೆ ಹತ್ತಿರ ಬಿದ್ದಿದ್ದರೆ ಅದೂ ಬಲಕ್ಕೆ ತಿರುಗಿಸುತ್ತದೆ. ಆಗ ಬೀಸು ತಿದ್ದುವ ಮುನ್ನ ನಿಲ್ಲುವ ದೂರ ಸರಿಮಾಡಿಕೊಳ್ಳಿ.

ಒಂದು ಹೊಡೆತ ನೋಡಿ ಏನನ್ನೂ ಬದಲಿಸಬೇಡಿ. ಎಂಥವರ ಕೈಯೂ ಒಮ್ಮೊಮ್ಮೆ ಜಾರುತ್ತದೆ. ಅದೇ ತಪ್ಪು ಮತ್ತೆ ಮತ್ತೆ ಬಂದರೆ ಮಾತ್ರ ಅದು ನಿಮ್ಮದು.

ಸಿಟ್ಟಿನಲ್ಲಿ ತಪ್ಪನ್ನು ಓದಲಾಗುವುದಿಲ್ಲ, ಇದಕ್ಕೆ ದೊಡ್ಡ ಸಾಕ್ಷಿ ಬಾಬಿ ಜೋನ್ಸ್. ಅಮೆರಿಕದ ಈತ ವಕೀಲ, ಕೊನೆಯವರೆಗೂ ಹವ್ಯಾಸಿಯಾಗಿಯೇ ಸ್ಪರ್ಧಿಸಿದವನು. 1921ರಲ್ಲಿ 19ರ ವಯಸ್ಸಿನಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನ ಓಪನ್ ಪಂದ್ಯಾವಳಿ ಆಡುವಾಗ, ಮೂರನೇ ಸುತ್ತಿನ 11ನೇ ಕುಳಿಯ ಬಂಕರ್ ಅವನನ್ನು ಸೋಲಿಸಿತು, ಸಿಟ್ಟಿಗೆದ್ದು ಆ ಸ್ಪರ್ಧೆಯನ್ನೇ ಬಿಟ್ಟ. ಆ ಮೈದಾನವನ್ನು ಬೈದುಕೊಂಡು ದೂರ ಉಳಿಯಬಹುದಿತ್ತು. ಆದರೆ 1927ರಲ್ಲಿ ಅಲ್ಲಿಯೇ ಓಪನ್ ಗೆದ್ದ. 1930ರಲ್ಲಿ ಒಂದೇ ವರ್ಷ ನಾಲ್ಕು ಪ್ರಮುಖ ಪ್ರಶಸ್ತಿಗಳನ್ನೂ ಗೆದ್ದು 28ಕ್ಕೆ ಸ್ಪರ್ಧೆಯಿಂದ ಹಿಂದೆ ಸರಿದ.

ಇನ್ನೊಂದು ಅನುಮಾನ ನನಗಿದೆ. ಪೊದೆ ಸೇರಿದ ಚೆಂಡು ನೆನಪಿನಲ್ಲಿ ಉಳಿಯುತ್ತದೆ, ಕುಳಿಯ ಸುತ್ತಲಿನ ಗ್ರೀನ್ ಮೇಲೆ ಮೂರು ಪಟ್ (ಚೆಂಡು ಉರುಳಿಸುವ ಹೊಡೆತ) ಹಾಕಿದ್ದನ್ನು ಯಾರೂ ಮನೆಗೆ ಬಂದು ಹೇಳುವುದಿಲ್ಲ. ಹೊಡೆತ ಕಳೆದುಹೋದದ್ದು ಎರಡೂ ಕಡೆ. ಬೆಂಗಳೂರಿನ ಗಾಲ್ಫ್ ಆಟಗಾರ್ತಿ ಅದಿತಿ ಅಶೋಕ್‌ರನ್ನು ನೋಡಿ. ದೂರ ಹೊಡೆಯುವವರ ಸಾಲಿನವರಲ್ಲ. 2021ರಲ್ಲಿ ಅವರಿಗೆ ಕೋವಿಡ್ ಬಂದ ಮೇಲೆ ಹೊಡೆತದ ದೂರ ಇನ್ನೂ ಕುಗ್ಗಿತ್ತು. ಆದರೂ ಅದೇ ವರ್ಷ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಪಟರ್ ನೆಚ್ಚಿಕೊಂಡು ನಾಲ್ಕನೆಯವರಾದರು, ಕಂಚು ತಪ್ಪಿದ್ದು ಒಂದೇ ಹೊಡೆತದಲ್ಲಿ. ಹಾಗಾಗಿ ಕಾರ್ಡಿನಲ್ಲಿ ಪ್ರತಿ ಕುಳಿಯ ಪಟ್‌ಗಳನ್ನು ಬೇರೆಯಾಗಿ ಬರೆದಿಡಿ. ಪೊದೆಯಲ್ಲಿ ಹುಡುಕಾಟ ಬೆಳೆಸಬೇಡಿ, 2019ರ ನಿಯಮದಂತೆ ಅದಕ್ಕೆ ಮೂರು ನಿಮಿಷ ಮಾತ್ರ.

ಇನ್ನು ಜಾಗದ ಮಾತು. ಮಾದಪ್ಪನ ಬೆಟ್ಟದ ಸುತ್ತಲಿನ ಕಾಡು 2013ರಿಂದ ವನ್ಯಜೀವಿಧಾಮ, ಗಾಲ್ಫ್ ಮೈದಾನವನ್ನು ಅಲ್ಲಿ ಹುಡುಕಬೇಡಿ. ಅಲ್ಲಿಗೆ ಹೋಗುವ ತಾಳಬೆಟ್ಟದ ದಾರಿಯಂಚಿನಲ್ಲಿ ನಿಂತು ಕಾಡಿಗೆ ಚೆಂಡು ಬಾರಿಸುವ ಯೋಚನೆಯೂ ಬೇಡ. ಪೂರ್ತಿ ಬೀಸಿನ ಅಭ್ಯಾಸ ಮೈಸೂರಿನಲ್ಲೇ ಆಗಲಿ. ಹನೂರಿನ ಮನೆಯಲ್ಲಿ ಒಂದು ಚಾಪೆ, ಒಂದು ಲೋಟ, ಪಟರ್ ಇದ್ದರೆ ಸಾಕು, ಪಟ್ ತಿದ್ದುವ ಇನ್ನರ್ಧ ರಿಪೇರಿ ಅಲ್ಲೇ ಆಗುತ್ತದೆ.