ಪಂಪನ್ನು ಕಡೆಗೆ ಬಿಚ್ಚಿ

ಮೇ ತಿಂಗಳಲ್ಲಿ ಹೊಳೆನರಸೀಪುರದ ನನ್ನ ಟ್ರ್ಯಾಕ್ಟರ್ ರಿಪೇರಿ ಶೆಡ್ಡಿಗೆ ಬರುವ ಫೋನುಗಳೆಲ್ಲ ಒಂದೇ ಥರ. "ಅಣ್ಣ, ಲಿಫ್ಟ್ ಏಳ್ತಿಲ್ಲ. ಪಂಪು ಹೋಗೈತೆ ಅನ್ಸುತ್ತೆ, ಒಂದ್ ಹೊಸಾದು ತಂದ್ಬಿಡಿ." ಜಲಂಧರದ ಬಿತ್ತನೆ ಆಲೂಗಡ್ಡೆ ಹಾಸನದ ಮಾರುಕಟ್ಟೆಗೆ ಬಂದು ಇಳಿದಿರುತ್ತದೆ, ಮಳೆಯೂ ಒಂದು ಹದ ಬಿದ್ದಿರುತ್ತದೆ. ವರ್ಷವಿಡೀ ಸುಮ್ಮನಿದ್ದ ಹಳೇ ಗಾಡಿ ಆಗಲೇ ಕೈಕೊಡುತ್ತದೆ. ಪಂಪು ಕೆಡುವುದಿಲ್ಲ ಎಂದಲ್ಲ. ಆದರೆ ಪಂಪಿನ ದೂರು ಹೊತ್ತು ಬಂದ ಗಾಡಿಗಳಲ್ಲಿ ಹೆಚ್ಚಿನವು ಪಂಪು ಮುಟ್ಟದೆಯೇ ಸರಿಹೋಗಿವೆ. ಇದನ್ನು ನಾನು ಕಲಿತದ್ದು ಮರ್ಯಾದೆ ಕಳೆದುಕೊಂಡು.

1. ಗಾಡಿಯ ವಂಶ ಯಾವುದು ನೋಡಿ.

ಮಹೀಂದ್ರ ಬಿ-275ರಲ್ಲಿ ಪಂಪು ಎಂಜಿನ್ ಜೊತೆ ತಿರುಗುತ್ತದೆ. ಎಂಜಿನ್ ಓಡುವಷ್ಟು ಹೊತ್ತೂ ಲಿಫ್ಟಿಗೆ ಆಯಿಲ್ ಹೋಗುತ್ತಿರುತ್ತದೆ. ಹಳೇ ಮ್ಯಾಸಿ ಹಾಗಲ್ಲ. ಅದು ಹ್ಯಾರಿ ಫರ್ಗುಸನ್ ಹಾಕಿಕೊಟ್ಟ ದಾರಿ. ಪಂಪು ಗಾಡಿಯ ಹೊಟ್ಟೆಯೊಳಗೆ ಗೇರ್ ಆಯಿಲಿನಲ್ಲೇ ಮುಳುಗಿದ್ದು, ಪಿಟಿಓ ಶಾಫ್ಟಿನಿಂದ ತಿರುಗುತ್ತದೆ. ಪಿಟಿಓ ಲಿವರ್ ನ್ಯೂಟ್ರಲ್‌ಗೆ ಬಂದಿದ್ದರೆ ನೀವು ಎಷ್ಟೇ ರೇಸ್ ಕೊಟ್ಟರೂ ಲಿಫ್ಟ್ ಏಳುವುದಿಲ್ಲ. ಒಂಟಿ ಕ್ಲಚ್ಚಿನ ಗಾಡಿಯಲ್ಲಿ ಕ್ಲಚ್ ತುಳಿದಾಗ ಲಿಫ್ಟ್ ಅರ್ಧದಲ್ಲಿ ನಿಂತರೆ ಅದು ರೋಗವಲ್ಲ, ಹುಟ್ಟುಗುಣ.

ಕೆಲಸ ಶುರುಮಾಡಿದ ಹೊಸದರಲ್ಲಿ ಹಳ್ಳಿಮೈಸೂರು ಕಡೆಯ ತೋಟವೊಂದಕ್ಕೆ ಕರೆಸಿದ್ದರು. ಸೀಟು ಬಿಚ್ಚಿ ಪಕ್ಕಕ್ಕಿಟ್ಟೆ, ಲಿಫ್ಟ್ ಕವರಿನ ಬೋಲ್ಟುಗಳನ್ನು ಒಂದೊಂದೇ ತೆಗೆದು ತಟ್ಟೆಗೆ ಹಾಕುತ್ತಿದ್ದೆ. ಎಲೆಅಡಿಕೆ ಜಗಿಯುತ್ತ ನಿಂತಿದ್ದ ಮುದುಕರೊಬ್ಬರು, "ಮೇಸ್ತ್ರಿ, ಬೆಳಿಗ್ಗೆ ಹುಡ್ಗ್ರು ಇದರ ಮೇಲೆ ಕೂತು ಆಟ ಆಡ್ತಿದ್ರು" ಅಂದರು. ಬಗ್ಗಿ ನೋಡಿದೆ, ಪಿಟಿಓ ಲಿವರ್ ನಡುವೆ ನಿಂತಿತ್ತು. ಬೋಲ್ಟುಗಳನ್ನೆಲ್ಲ ವಾಪಸ್ ಬಿಗಿದು, ಕೂಲಿ ಕೇಳದೆ, ಮಜ್ಜಿಗೆ ಕುಡಿದು ಬಂದೆ.

2. ಆಯಿಲ್ ನೋಡಿ, ಮೂಸಿ, ಬೇಕಿದ್ದರೆ ಸುಟ್ಟು ನೋಡಿ.

ಡಿಪ್ ಸ್ಟಿಕ್ ಎಳೆಯದೆ ಯಾವ ಪಾನಾನೂ ಕೈಗೆತ್ತಿಕೊಳ್ಳಬೇಡಿ. ಗಾಡಿ ಸಮತಟ್ಟಾದ ಜಾಗದಲ್ಲಿರಲಿ, ಲಿಫ್ಟ್ ಕೆಳಗಿರಲಿ. ಗೊರೂರು ಅಣೆಕಟ್ಟಿನ ನಾಲೆ ನೀರು ಹರಿಯುವ ಊರುಗಳಲ್ಲಿ ಕೇಜ್ ವೀಲ್ ಹಾಕಿಕೊಂಡು ಗದ್ದೆ ಕೆಸರು ಮಾಡುವಾಗ ಗಾಡಿ ಹಿಂದಿನ ಆಕ್ಸಲ್ ಮಟ್ಟಕ್ಕೆ ಮುಳುಗುತ್ತದೆ. ಸವೆದ ಸೀಲಿನ ಸಂದಿಯಲ್ಲಿ ನೀರು ಒಳಗಿಳಿಯುತ್ತದೆ. ಆಮೇಲೆ ಆಯಿಲ್ ಹಾಲು ಬೆರೆಸಿದ ಟೀಯಂತೆ ಕಾಣುತ್ತದೆ. ಪಂಪು ಗಾಳಿ ಎಳೆದುಕೊಂಡರೂ ಆಯಿಲ್ ನೊರೆಯಾಗಿ ಬೆಳ್ಳಗೆ ಕಾಣುವುದರಿಂದ ಎರಡನ್ನೂ ಬೇರೆ ಮಾಡಿ ನೋಡಬೇಕು. ಗಾಜಿನ ಲೋಟಕ್ಕೆ ಸ್ವಲ್ಪ ಹಿಡಿದು ಇಡಿ. ಊಟ ಮುಗಿಸಿ ಬರುವಷ್ಟರಲ್ಲಿ ತಿಳಿಯಾದರೆ ಅದು ಗಾಳಿ. ಹಾಗೇ ಇದ್ದರೆ ಬಿಸಿ ತಗಡಿನ ಮೇಲೆ ಎರಡು ಹನಿ ಬಿಡಿ. ಒಗ್ಗರಣೆಗೆ ಬಿದ್ದ ಸಾಸಿವೆಯಂತೆ ಚಟಪಟ ಅಂದರೆ ನೀರು. ಸುಮ್ಮನೆ ಹೊಗೆಯಾಡಿದರೆ ನೀರಿಲ್ಲ.

ನೀರು ಸೇರಿದ ಗಾಡಿಯನ್ನು ಬೇಸಿಗೆಪೂರ್ತಿ ಹುಲ್ಲಿನ ಮೆದೆ ಪಕ್ಕ ನಿಲ್ಲಿಸಿದರೆ ಒಳಗಿನ ಕಂಟ್ರೋಲ್ ವಾಲ್ವಿಗೆ ತುಕ್ಕು ಹಿಡಿದು ಅದು ಅಂಟಿಕೊಳ್ಳುತ್ತದೆ. ಆಗ ಎದ್ದ ಲಿಫ್ಟ್ ಇಳಿಯುವುದಿಲ್ಲ, ಇಳಿದದ್ದು ಏಳುವುದಿಲ್ಲ. ಮ್ಯಾಸಿಗೆ ಮೂವತ್ತು ಲೀಟರಿನ ಆಸುಪಾಸು ಆಯಿಲ್ ಹಿಡಿಯುತ್ತದೆ. ಅಷ್ಟನ್ನೂ ಬದಲಿಸಬೇಕು ಅಂದರೆ ರೈತರ ಮುಖ ಸಣ್ಣದಾಗುತ್ತದೆ, ಅದು ನ್ಯಾಯವೂ ಹೌದು. ಆದರೆ ಸೀಲ್ ಹಾಕಿಸದೆ ಬರೀ ಆಯಿಲ್ ಬದಲಿಸುವವರ ಜೊತೆ ನಾನು ಜಗಳ ಆಡುತ್ತೇನೆ. ಮುಂದಿನ ಗದ್ದೆಯಲ್ಲಿ ಅದೇ ಟೀ.

3. ತಣ್ಣಗಿದ್ದಾಗ ಹೇಗೆ, ಬಿಸಿಯಾದಾಗ ಹೇಗೆ ಅಂತ ಕೇಳಿ.

"ಬೆಳಿಗ್ಗೆ ಚೆನ್ನಾಗಿ ಎತ್ತುತ್ತೆ, ಹತ್ತು ಗಂಟೆ ಮೇಲೆ ರೋಟವೇಟರ್ ಎತ್ತಲ್ಲ" ಅಂದರೆ ಕಿವಿ ನೆಟ್ಟಗಾಗಬೇಕು. ಬಿಸಿಯಾದ ಆಯಿಲ್ ತೆಳ್ಳಗಾಗಿ ಸವೆದ ಜಾಗದಿಂದೆಲ್ಲ ಜಾರಿಕೊಳ್ಳುತ್ತದೆ. ಪಂಪಿನ ಮೇಲೆ ಅನುಮಾನ ಪಡಬೇಕಾದದ್ದು ಇಲ್ಲಿ. ಬೆಳಿಗ್ಗೆಯಿಂದಲೇ ನಿಧಾನ, ಜೊತೆಗೆ ಕುಂಯ್ ಅನ್ನೋ ಸದ್ದೂ ಇದ್ದರೆ ಮೊದಲು ಫಿಲ್ಟರ್ ಜಾಲರಿ ತೊಳೆಯಿರಿ.

4. ತಲೆಯಾಡಿಸುವ ಲಿಫ್ಟ್.

ಕಲ್ಟಿವೇಟರ್ ಎತ್ತಿ, ಲಿವರ್ ಮುಟ್ಟದೆ, ಎಂಜಿನ್ ಓಡಲು ಬಿಡಿ. ತೋಳುಗಳು ಕೋಲೆ ಬಸವನ ಹಾಗೆ ಕೆಳಕ್ಕೆ, ಮೇಲಕ್ಕೆ ತಲೆಯಾಡಿಸಿದರೆ ಒಳಗೆ ಎಲ್ಲೋ ಸೋರಿಕೆ ಇದೆ. ಸೋರಿದಷ್ಟನ್ನು ಪಂಪು ತುಂಬುತ್ತಿದೆ, ಅಂದರೆ ಪಂಪು ಜೀವಂತವಾಗಿದೆ! ಈಗ ಎಂಜಿನ್ ಆಫ್ ಮಾಡಿ. ಕಲ್ಟಿವೇಟರ್ ನಿಧಾನಕ್ಕೆ ಕೂತುಬಿಡುತ್ತದೆ.

ಎಲ್ಲಿ ಸೋರುತ್ತಿದೆ ಅನ್ನುವುದಕ್ಕೆ ಕವರ್ ಎತ್ತಲೇಬೇಕಿಲ್ಲ. ಒಂದಷ್ಟು ಆಯಿಲ್ ಇಳಿಸಿ, ಮ್ಯಾಸಿಯ ಪಕ್ಕದ ಮುಚ್ಚಳ ತೆಗೆಯಿರಿ. ಭಾರ ಎತ್ತಿ, ಎಂಜಿನ್ ನಿಲ್ಲಿಸಿದ ಮೇಲೆ ಟಾರ್ಚ್ ಬಿಡಿ. ಎಂಜಿನ್ ಓಡುವಾಗ ಅಲ್ಲಿಗೆ ಕೈ ಹಾಕಬೇಡಿ, ಒಳಗೆ ಶಾಫ್ಟ್ ತಿರುಗುತ್ತಿರುತ್ತದೆ. ಮೇಲಿಂದ ಸಿಲಿಂಡರಿನ ಬಾಯಲ್ಲಿ ತೊಟ್ಟಿಕ್ಕಿದರೆ ಪಿಸ್ಟನ್ ರಿಂಗ್. ಪೈಪಿನ ಬುಡದಲ್ಲಿ ಇಳಿದರೆ ಓ ರಿಂಗ್. ಪಂಪಿನ ಮೈಮೇಲಿಂದ ಜಿನುಗಿದರೆ ಮಾತ್ರ ಪಂಪು ಇಳಿಸುವ ಮಾತು. ಓ ರಿಂಗ್ ಅಂದರೆ ಬೆರಳಿಗೆ ಹಾಕಿಕೊಳ್ಳುವಷ್ಟು ರಬ್ಬರು. ಅದಕ್ಕಾಗಿ ಪಂಪು ಬದಲಿಸಿದವರನ್ನು ನಾನು ಬಲ್ಲೆ.

5. ನೇಗಿಲು ಕುಣಿದರೆ ಟಾಪ್ ಲಿಂಕ್ ಅಲ್ಲಾಡಿಸಿ.

ಚನ್ನರಾಯಪಟ್ಟಣ ಕಡೆಯ ಕೆಂಪು ಮಣ್ಣಿನಲ್ಲಿ ಒಂದು ಕಡೆ ಆಳ, ಒಂದು ಕಡೆ ಕೆರೆದಂತೆ ಉಳುಮೆ ಆಗುತ್ತಿದ್ದರೆ ದೋಷ ಹೈಡ್ರಾಲಿಕ್ಕಿನದೇ ಆಗಬೇಕಿಲ್ಲ. ಟಾಪ್ ಲಿಂಕ್ ಕೂರುವ ಜಾಗದಲ್ಲಿ ದಪ್ಪ ಸ್ಪ್ರಿಂಗ್ ಇದೆ, ಮಣ್ಣಿನ ಬಿಗಿ ಎಷ್ಟು ಅಂತ ಲಿಫ್ಟಿಗೆ ಹೇಳುವುದು ಅದೇ. ಅದರ ಕೊಂಡಿ ಹಿಡಿದು ಹಿಂದಕ್ಕೂ ಮುಂದಕ್ಕೂ ಎಳೆಯಿರಿ. ಲಟಕ್ ಅಂದರೆ ಅಲ್ಲೇ ಸಡಿಲ. ಹೊಸ ಡ್ರೈವರುಗಳು ಪೊಸಿಷನ್ ಲಿವರಿನಲ್ಲೇ ಉಳುವುದೂ ಉಂಟು. ಉಳುಮೆಗೆ ಡ್ರಾಫ್ಟ್ ಲಿವರ್ ಇದೆ ಅಂತ ತೋರಿಸಿಕೊಟ್ಟರೆ ಸಾಕು.

6. ಎರವಲು ಟ್ರೇಲರ್.

ಗೊಬ್ಬರದ ಕಾಲಕ್ಕೆ ಟಿಪ್ಪಿಂಗ್ ಟ್ರೇಲರ್ ಮನೆಯಿಂದ ಮನೆಗೆ ತಿರುಗುತ್ತದೆ. ಅದರ ಜಾಕಿನಲ್ಲಿರುವುದು ಹಿಂದಿನ ಗಾಡಿಯ ಆಯಿಲ್, ಅದರ ನೀರು, ಅದರ ಮಣ್ಣು. ಪೈಪಿನ ಬಾಯಿ ಒರೆಸದೆ ಸಿಕ್ಕಿಸಿದರೆ ಎಲ್ಲವೂ ನಿಮ್ಮ ಗಾಡಿಗೆ. ಬಿಚ್ಚುವಾಗ ನಿಮ್ಮ ಆಯಿಲ್ ಲೀಟರುಗಟ್ಟಲೆ ಜಾಕಿನಲ್ಲೇ ಉಳಿದಿರಬಹುದು. "ನಿನ್ನೆ ಸರಿಯಾಗಿತ್ತು" ಅನ್ನುವವರಿಗೆ ನಾನು ಕೇಳುವ ಮೊದಲ ಪ್ರಶ್ನೆ: "ಯಾರ ಟ್ರೇಲರ್ ಹಾಕಿದ್ರಿ?"

7. ಗೇಜ್ ಹಾಕಿ, ಬೆರಳು ಇಡಬೇಡಿ.

ಮ್ಯಾಸಿ 35 ವಂಶದ ಗಾಡಿಗಳಲ್ಲಿ ಸೇಫ್ಟಿ ವಾಲ್ವ್ ಬಿಚ್ಚಿಕೊಳ್ಳುವುದು ಸುಮಾರು 2500 ಪಿಎಸ್‌ಐಗೆ. ಬಿಸಿ ಆಯಿಲಿನಲ್ಲಿ, ಪೂರ್ತಿ ಭಾರ ಕೊಟ್ಟಾಗಲೂ ಮುಳ್ಳು ಅದರ ಹತ್ತಿರ ಹೋಗದಿದ್ದರೆ, ಸೋರಿಕೆಯೂ ಕಾಣದಿದ್ದರೆ, ವಾಲ್ವೋ ಪಂಪೋ ಎಂದು ಯೋಚಿಸಿ. ಅಷ್ಟು ಒತ್ತಡದಲ್ಲಿ ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಹೋಗುತ್ತದೆ. ಗಾಯ ಸೊಳ್ಳೆ ಕಚ್ಚಿದಷ್ಟೇ ಕಂಡರೂ ಆ ಕ್ಷಣವೇ ಆಸ್ಪತ್ರೆಗೆ ಓಡಬೇಕು. ಸೋರಿಕೆ ಹುಡುಕಲು ರಟ್ಟು ಹಿಡಿಯಿರಿ. ಎತ್ತಿದ ರೋಟವೇಟರ್ ಅಡಿಗೆ ಮರದ ದಿಮ್ಮಿ ಕೊಡದೆ ತಲೆ ತೂರಿಸಬೇಡಿ.

8. ಒರೆಸುವ ಬಟ್ಟೆ ಎಣಿಸಿ.

ಅರಕಲಗೂಡು ತಾಲ್ಲೂಕಿನ ಕೊಣನೂರು ಕಡೆಯಿಂದ ಒಂದು ಮ್ಯಾಸಿ 1035 ಬಂತು. ಶುಂಠಿ ಹೊಲಕ್ಕೆ ಮಡಿ ಕಟ್ಟುವಾಗ ಲಿಫ್ಟ್ ಅರ್ಧಕ್ಕೇ ನಿಲ್ಲುತ್ತಿತ್ತು. ಮೇಲೆ ಹೇಳಿದ್ದೆಲ್ಲ ನೋಡಿ ಮುಗಿಸಿ ಕಡೆಗೆ ಜಾಲರಿ ಬಿಚ್ಚಿದೆ. ಅಂಗೈಯಗಲದ ಬಟ್ಟೆ ಚೂರೊಂದು ಅದಕ್ಕೆ ಸುತ್ತಿಕೊಂಡು ಕಪ್ಪಾಗಿ ಕೂತಿತ್ತು. "ಹಿಂದೆ ಇದನ್ನ ಬಿಚ್ಚಿದೋನು ಯಾವನಪ್ಪ" ಅಂತ ಯಜಮಾನರ ಎದುರಿಗೇ ಬೈಯುತ್ತ ಡೀಸೆಲ್ಲಿನಲ್ಲಿ ಅದ್ದಿ ಹಿಂಡಿದೆ. ಮಸಿ ಬಿಟ್ಟುಕೊಂಡು ನೀಲಿ ಚೌಕಳಿ ಕಾಣಿಸಿತು. ನನ್ನದೇ ಹಳೇ ಲುಂಗಿ.