ನಮ್ಮ ಕೋಣೆಯಲ್ಲೇ ಒಂದು ಜಾಲತಾಣ



ಜಾಲತಾಣವೆಂದರೆ ಮುಂಬಯಿಯಲ್ಲೋ ಪರದೇಶದಲ್ಲೋ ಇರುವ ದೊಡ್ಡ ಯಂತ್ರಗಳಿಂದ ಬರುವಂಥದು ಎಂದು ನಿಮ್ಮಲ್ಲಿ ಅನೇಕರು ತಿಳಿದಿದ್ದೀರಿ. ಶಾಲೆಯ ಹಳೆಯ ಗಣಕಯಂತ್ರವೊಂದರಲ್ಲಿಯೂ ಅದನ್ನು ನಡೆಸಬಹುದು. ಕನ್ನಡ ಕಲಿಸುವ ನಾನು ಇದನ್ನು ಕಲಿತದ್ದು ಅಗತ್ಯಕ್ಕಾಗಿ. ಅಕ್ಕಲಕೋಟೆ ಭಾಗದ ಮಕ್ಕಳು ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಬಂದ ಗಾದೆ, ಒಗಟು, ಬೀಸುವ ಪದಗಳು ವರ್ಷದ ಕೊನೆಗೆ ವಹಿಗಳೊಡನೆ ರದ್ದಿಗೆ ಹೋಗುತ್ತಿದ್ದವು. ಅವನ್ನು ಎಲ್ಲರೂ ಓದುವಂತೆ ಒಂದೆಡೆ ಇಡಬೇಕಾಗಿತ್ತು.

ಸರ್ವರ್ ಎಂದರೇನು? ಗ್ರಂಥಪಾಲಕರು ನಾವು ಕೇಳಿದ ಪುಸ್ತಕವನ್ನು ಕಪಾಟಿನಿಂದ ತೆಗೆದುಕೊಡುತ್ತಾರಷ್ಟೆ. ಹಾಗೆಯೇ ಬ್ರೌಸರ್ ಕೇಳಿದ ಪುಟವನ್ನು ತೆಗೆದುಕೊಡುವ ತಂತ್ರಾಂಶವೇ ಸರ್ವರ್. 1995ರಲ್ಲಿ ಬಂದ ಅಪಾಚೆ ಎಂಬ ಸರ್ವರ್ ಉಚಿತವಾಗಿ ದೊರೆಯುತ್ತದೆ.

ಉಬುಂಟು ಇರುವ ಯಂತ್ರದಲ್ಲಿ ಮಾಡುವ ಕ್ರಮ ಹೀಗಿದೆ:

1. ಅಪಾಚೆಯನ್ನು ಸ್ಥಾಪಿಸಿರಿ. ಅಂತರಜಾಲ ಬೇಕಾಗುವುದು ಇದಕ್ಕೆ ಮಾತ್ರ.
2. ಒಂದು ಕಡತಕೋಶ ಮಾಡಿ, ಅದರಲ್ಲಿ ಇಂಡೆಕ್ಸ್ ಎಂಬ ಹೆಸರಿನ ಮೊದಲ ಪುಟವನ್ನಿಡಿರಿ.
3. ಸಂರಚನಾ ಕಡತದಲ್ಲಿ ಎರಡು ಮಾತು ಬರೆಯಿರಿ. 'ಸರ್ವರ್‌ನೇಮ್' ಎಂದರೆ ತಾಣದ ಹೆಸರು. 'ಡಾಕ್ಯುಮೆಂಟ್‌ರೂಟ್' ಎಂದರೆ ಪುಟಗಳಿರುವ ಕೋಶ. ಹೆಸರಿನ ಕೊನೆಗೆ 'ಟೆಸ್ಟ್' ಎಂದಿರಲಿ. ಪ್ರಯೋಗಕ್ಕೆಂದೇ ಕಾದಿರಿಸಿದ ಪದವದು.
4. ತಾಣವನ್ನು ಚಾಲ್ತಿಗೊಳಿಸಿ, ಬರೆದುದರಲ್ಲಿ ತಪ್ಪಿಲ್ಲವೆಂದು ಪರೀಕ್ಷಿಸಿ, ಸರ್ವರಿಗೆ ಮತ್ತೊಮ್ಮೆ ಓದಿಸಿರಿ.
5. 'ಹೋಸ್ಟ್ಸ್' ಕಡತದಲ್ಲಿ 127.0.0.1 ಎಂಬ ಸಂಖ್ಯೆಯ ಮುಂದೆ ತಾಣದ ಹೆಸರು ಬರೆಯಿರಿ. ಇದು ಮನೆಯಲ್ಲಿ ಕರೆಯುವ ಹೆಸರಿದ್ದಂತೆ, ಹೊರಗಿನವರಿಗೆ ತಿಳಿಯದು.

ಇಷ್ಟು ಮಾಡಿದಾಗ ಪುಟ ತೆರೆಯಿತು, ಆದರೆ ಕನ್ನಡ ಕಾಣಲಿಲ್ಲ! ಒಂದು 'ಕ'ಕಾರಕ್ಕೆ ಮೂರು ವಿಚಿತ್ರ ಚಿಹ್ನೆಗಳು. ಕಾರಣವಿಷ್ಟೆ: 1991ರ ಮೊದಲ ಯೂನಿಕೋಡ್‌ನಲ್ಲೇ ಕನ್ನಡಕ್ಕೆ ಸ್ಥಾನವಿದೆ; 'ಕ'ದ ಸಂಖ್ಯೆ 3221. ಯುಟಿಎಫ್-8 ಪದ್ಧತಿಯಲ್ಲಿ ಅದು ಮೂರು ಬೈಟುಗಳಾಗಿ ಉಳಿಯುತ್ತದೆ. ಪದ್ಧತಿ ಯಾವುದೆಂದು ನಾನು ಪುಟದಲ್ಲಿ ಹೇಳಿರಲಿಲ್ಲವಾದ್ದರಿಂದ ಬ್ರೌಸರ್ ಮೂರನ್ನೂ ಬೇರೆ ಬೇರೆ ಅಕ್ಷರಗಳೆಂದು ಓದಿತು. ಪುಟದ ತಲೆಯಲ್ಲಿ 'ಯುಟಿಎಫ್-8' ಎಂದು ಬರೆದೊಡನೆ ಗಾದೆಗಳು ಸ್ಪಷ್ಟವಾಗಿ ಮೂಡಿದವು.

ಎರಡನೆಯ ತೊಡಕು ಪಕ್ಕದ ಯಂತ್ರದಲ್ಲಿ ಬಂತು. ಅದರಲ್ಲೂ ಅದೇ ಸಂಖ್ಯೆ ಬರೆದರೆ ತಾಣ ತೆರೆಯದು. ಆಗ ನೆರವಾದದ್ದು ವ್ಯಾಕರಣ. 127.0.0.1 ಎಂಬುದು 'ನಾನು' ಎಂಬ ಸರ್ವನಾಮವಿದ್ದಂತೆ. ಯಾರು ಹೇಳುತ್ತಾರೋ ಅವರೇ 'ನಾನು'. ಪಕ್ಕದ ಯಂತ್ರ ತನ್ನನ್ನೇ ತಾನು ಕೇಳಿಕೊಂಡಿತು; ಅಲ್ಲಿ ಸರ್ವರೇ ಇರಲಿಲ್ಲ. ಇತರರು ಕರೆಯಬೇಕಾದರೆ ಅಂಕಿತನಾಮ ಬೇಕು. 192.168 ಎಂದು ಆರಂಭವಾಗುವ ಸರ್ವರ್ ಯಂತ್ರದ ಸ್ವಂತ ಸಂಖ್ಯೆಯನ್ನು ಅಲ್ಲಿ ಬರೆದಾಗ ತಾಣ ತೆರೆಯಿತು. ಮಕ್ಕಳು ಚಪ್ಪಾಳೆ ತಟ್ಟಿದರು.

ಪಾಲಕರಲ್ಲಿ ಒಂದು ವಿನಂತಿ. 1974ರ ಮಂಡ್ಯ ಸಮ್ಮೇಳನದಲ್ಲಿ ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಕನ್ನಡ ಸಾಹಿತ್ಯ ಸಮ್ಮೇಳನದ ಮೊದಲ ಮಹಿಳಾ ಅಧ್ಯಕ್ಷರಾದರು. ಅಂಥ ನೆಲದ ಕನ್ನಡ ನಿಮ್ಮ ಮನೆಯಲ್ಲಿದೆ. ಸರ್ವರ್ ತನ್ನಲ್ಲಿ ಇಟ್ಟದ್ದನ್ನಷ್ಟೇ ಕೊಡಬಲ್ಲದು; ಇಡಬೇಕಾದವರು ನಾವು. ಮಗುವಿಗೆ ವಾರಕ್ಕೊಂದು ಹಳೆಯ ಮಾತು ಹೇಳಿಕೊಡಿರಿ; ಅದನ್ನು ಕಾಯ್ದಿಡುವ ಕೆಲಸ ನಮ್ಮದು.

ಅಭ್ಯಾಸ: ನಿಮ್ಮ ಅಜ್ಜಿಯಿಂದ ಒಂದು ಒಗಟನ್ನು ಕೇಳಿ ಬರೆದು ತನ್ನಿರಿ. ಉತ್ತರವನ್ನು ಬೇರೆ ಪುಟದಲ್ಲಿಡೋಣ.