ಕಸ ಸುಟ್ಟ ಜಾಗದ ಮಣ್ಣು: ಕೇಳುವ ಹಕ್ಕು, ಕೇಳಬೇಕಾದ ಕ್ರಮ

ಊರಾಚೆಯ ಕಸದ ರಾಶಿಗೆ ಬೆಂಕಿ ಬಿದ್ದರೆ ನಾವು ಹೊಗೆಯ ಬಗ್ಗೆ ದೂರುತ್ತೇವೆ. ಹೊಗೆ ಹೋದ ಮೇಲೆ ದೂರನ್ನೂ ಮರೆಯುತ್ತೇವೆ. ಆದರೆ ಪಿವಿಸಿ ಪೈಪು, ವೈರಿನ ಸಿಪ್ಪೆಯಂಥ ಕ್ಲೋರಿನ್ ಇರುವ ವಸ್ತು ಅರೆಬರೆ ಉರಿದಾಗ ಹುಟ್ಟುವ ಡಯಾಕ್ಸಿನ್ ಬೂದಿಯೊಂದಿಗೆ ನೆಲಕ್ಕಿಳಿದು, ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯಬಲ್ಲದು. ಡಯಾಕ್ಸಿನ್‌ಗಳಲ್ಲೇ ಅತಿ ವಿಷಕಾರಿಯಾದ ಟಿಸಿಡಿಡಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲೇ ಕ್ಯಾನ್ಸರ್‌ಕಾರಕ ಎಂದು ಘೋಷಿಸಿದೆ. ಡಯಾಕ್ಸಿನ್ ನಮ್ಮ ದೇಹ ಸೇರುವುದು ಶೇ. 90ಕ್ಕಿಂತ ಹೆಚ್ಚು ಆಹಾರದ ಮೂಲಕ, ಮುಖ್ಯವಾಗಿ ಹಾಲು, ಮಾಂಸ, ಮೀನು, ಮೊಟ್ಟೆಯಿಂದ.

ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ಕಸ ಸುಡುವ ಸ್ಥಾವರ 2005ರಲ್ಲಿ ಮುಚ್ಚಿತು. ಅಲ್ಲಿನ ಮಣ್ಣಿನಲ್ಲಿ ಡಯಾಕ್ಸಿನ್ ಇರುವುದು ಬೆಳಕಿಗೆ ಬಂದದ್ದು 2021ರಲ್ಲಿ. ಅಷ್ಟು ವರ್ಷ ಅದು ಮಣ್ಣಿನಲ್ಲೇ ಅಡಗಿತ್ತು. ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ನಾಗರಿಕರು ಇದರಿಂದ ತಿಳಿಯಬೇಕಾದದ್ದು ಇಷ್ಟೆ: ದೂರು ಹೊಗೆಯ ಬಗ್ಗೆ ಮಾತ್ರ ಇದ್ದರೆ ಸಾಲದು, ಮಣ್ಣಿನ ಪರೀಕ್ಷೆಯನ್ನೂ ಕೇಳಬೇಕು. ಚಿಮಣಿಯಿರುವ ಸ್ಥಾವರವೇ ಬೇಕೆಂದಿಲ್ಲ, ಬಯಲಲ್ಲಿ ಸುಡುವ ಕಸವೂ ಡಯಾಕ್ಸಿನ್‌ನ ದೊಡ್ಡ ಮೂಲ.

ಕಾನೂನು ಏನು ಹೇಳುತ್ತದೆ?

ಘನತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ರಸ್ತೆ, ಬಯಲು, ಚರಂಡಿಯಲ್ಲಿ ಕಸ ಎಸೆಯುವಂತಿಲ್ಲ, ಸುಡುವಂತಿಲ್ಲ, ಹೂಳುವಂತಿಲ್ಲ. ಸ್ಥಾವರದಲ್ಲಿ ಸುಡುವುದಾದರೆ ಹೊಗೆಯಲ್ಲಿನ ಡಯಾಕ್ಸಿನ್ ಪ್ರತಿ ಘನಮೀಟರಿಗೆ 0.1 ನ್ಯಾನೋಗ್ರಾಂ ಮೀರಬಾರದೆಂದು 2016ರ ನಿಯಮಗಳು ಮಿತಿ ಹಾಕಿದವು. ಬೆಂಗಳೂರಿನ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದ ಕಸದ ಪ್ರಕರಣ ಮುಂದೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಬಂತು. ಮಂಡಳಿ 2016ರ ಡಿಸೆಂಬರ್ 22ರಂದು, ಕಸ ಸುರಿಯುವ ಜಾಗವೂ ಸೇರಿ ದೇಶದ ಎಲ್ಲೂ ಬಯಲಲ್ಲಿ ಕಸ ಸುಡಬಾರದೆಂದು ಆದೇಶಿಸಿತು. ತಪ್ಪಿದವರು ಸಾಮಾನ್ಯ ಪ್ರಮಾಣಕ್ಕೆ 5,000 ರೂಪಾಯಿ, ರಾಶಿಗಟ್ಟಲೆ ಸುಟ್ಟರೆ 25,000 ರೂಪಾಯಿ ತೆರಬೇಕು.

“ಹಣವಿಲ್ಲ, ಸಿಬ್ಬಂದಿಯಿಲ್ಲ” ಎಂಬ ಉತ್ತರ ಬಂದರೆ ರತ್ಲಾಂ ಪುರಸಭೆ ಪ್ರಕರಣವನ್ನು ಉಲ್ಲೇಖಿಸಿ. ಹಣದ ಕೊರತೆಯ ನೆಪ ಹೇಳಿ ನೈರ್ಮಲ್ಯದ ಹೊಣೆಯಿಂದ ಪುರಸಭೆ ನುಣುಚಿಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ.

ಹೆಜ್ಜೆ 1: ದಾಖಲೆ ಮತ್ತು ದೂರು

ಬೆಂಕಿ ಕಂಡ ದಿನ, ಹೊತ್ತು, ಜಾಗ, ಗಾಳಿ ಬೀಸಿದ ದಿಕ್ಕು ಬರೆದಿಡಿ, ಫೋಟೊ ತೆಗೆಯಿರಿ. ಬಳ್ಳಾರಿಯಲ್ಲಿ ಮಹಾನಗರ ಪಾಲಿಕೆ ಆಯುಕ್ತರಿಗೆ, ಸಿರುಗುಪ್ಪದಲ್ಲಿ ನಗರಸಭೆಗೆ, ಕುರುಗೋಡಿನಲ್ಲಿ ಪುರಸಭೆಗೆ ಲಿಖಿತ ದೂರು ಕೊಟ್ಟು, ಬಳ್ಳಾರಿಯ ಪರಿಸರ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೂ ಪ್ರತಿ ಕೊಡಿ. ಸ್ವೀಕೃತಿಯ ಮೊಹರು ಇಲ್ಲದೆ ಹಿಂತಿರುಗಬೇಡಿ. ದೂರು ಪೌರಕಾರ್ಮಿಕರ ಮೇಲಾಗದಿರಲಿ. ಆ ಹೊಗೆಯನ್ನು ಎಲ್ಲರಿಗಿಂತ ಮೊದಲು ಕುಡಿಯುವವರು ಅವರೇ. ಹೊಣೆ ಸ್ಥಳೀಯ ಸಂಸ್ಥೆಯದು.

ಹೆಜ್ಜೆ 2: ಮಣ್ಣಿನ ಮಾದರಿ

ರೈತರು ಮಾಡಿಸುವ ಮಾಮೂಲಿ ಮಣ್ಣು ಪರೀಕ್ಷೆ ಪೋಷಕಾಂಶ ಮತ್ತು ರಸಸಾರವನ್ನು ತೋರಿಸುತ್ತದೆಯೇ ಹೊರತು ಡಯಾಕ್ಸಿನ್ ತೋರಿಸುವುದಿಲ್ಲ. ಅದಕ್ಕೆ ವಿಶೇಷ ಉಪಕರಣವಿರುವ ಪ್ರಯೋಗಾಲಯ ಬೇಕು, ಖರ್ಚೂ ಹೆಚ್ಚು. ಆದ್ದರಿಂದ ಪರಿಸರ ಸಂರಕ್ಷಣಾ ಕಾಯ್ದೆ 1986ರ 11ನೇ ಕಲಂ ಪ್ರಕಾರ ಅಧಿಕಾರಿಗಳೇ ಮಾದರಿ ತೆಗೆಯಬೇಕೆಂದು ದೂರಿನಲ್ಲೇ ಕೇಳಿ. ಜಾಗದ ಹೊಣೆ ಹೊತ್ತವರಿಗೆ ಅಧಿಕಾರಿ ನೋಟಿಸ್ ಕೊಡಬೇಕು. ಮಾದರಿ ಹಾಕಿದ ಡಬ್ಬಿಗೆ ಗುರುತು ಹಾಕಿ ಸೀಲ್ ಮಾಡಬೇಕು. ಅದರ ಮೇಲೆ ಅಧಿಕಾರಿಯ ಜೊತೆ ಆ ಹೊಣೆಗಾರರ ಸಹಿಯೂ ಇರಬೇಕು, ತಡಮಾಡದೆ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸಬೇಕು. ಈ ಕ್ರಮ ತಪ್ಪಿದರೆ ಪರೀಕ್ಷೆಯ ಫಲಿತಾಂಶ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ನಿಲ್ಲುವುದಿಲ್ಲ. ಮಾದರಿ ತೆಗೆಯುವಾಗ ಊರಿನ ನಾಲ್ಕು ಜನ ಹಾಜರಿದ್ದು ನೋಡಿದರೆ ಒಳ್ಳೆಯದು.

ಹೆಜ್ಜೆ 3: ಮಾಹಿತಿ ಹಕ್ಕು

ಹತ್ತು ರೂಪಾಯಿ ಶುಲ್ಕ ಕಟ್ಟಿ, 150 ಪದದೊಳಗೆ, ಒಂದೇ ವಿಷಯದ ಅರ್ಜಿ ಬರೆಯಿರಿ. ಬಿಪಿಎಲ್ ಕುಟುಂಬಗಳಿಗೆ ಶುಲ್ಕವಿಲ್ಲ. ಅರ್ಜಿಯ ಒಕ್ಕಣೆ ಹೀಗಿರಲಿ: “ಇಂಥ ದಿನಾಂಕದ ನನ್ನ ದೂರಿನ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ, ಸ್ಥಳ ತನಿಖಾ ವರದಿ, ಮಣ್ಣು ಮತ್ತು ಬೂದಿಯ ಪರೀಕ್ಷಾ ವರದಿ, ವಿಧಿಸಿದ ದಂಡದ ವಿವರ ಕೊಡಿ.” ಉತ್ತರಕ್ಕೆ 30 ದಿನ ಕಾಲಾವಕಾಶ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಸಲ್ಲಿಸಿ.

ಹೆಜ್ಜೆ 4: ತುರ್ತು ತಡೆ ಮತ್ತು ಪರಿಹಾರ

ಬೆಂಕಿ ಮತ್ತೆಮತ್ತೆ ಬೀಳುತ್ತಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಂ ಅಡಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ಅರ್ಜಿ ಹಾಕಿ. ಸಾರ್ವಜನಿಕ ಉಪದ್ರವ ನಿಲ್ಲಿಸಲು ಆದೇಶಿಸುವ ಅಧಿಕಾರ ಅವರಿಗಿದೆ.

ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈನಲ್ಲಿದೆ. ವಕೀಲರಿಲ್ಲದೆ ನೀವೇ ಅರ್ಜಿ ಹಾಕಬಹುದು. ಪರಿಹಾರಧನ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಸುಡುವುದನ್ನು ನಿಲ್ಲಿಸಬೇಕೆಂಬ ಅರ್ಜಿಯನ್ನು ವ್ಯಾಜ್ಯಕಾರಣ ಹುಟ್ಟಿದ ಆರು ತಿಂಗಳೊಳಗೆ ಸಲ್ಲಿಸಬೇಕು. ನಷ್ಟಪರಿಹಾರ ಮತ್ತು ಪರಿಸರದ ಪುನಶ್ಚೇತನಕ್ಕಾದರೆ ಐದು ವರ್ಷ ಅವಕಾಶವಿದೆ. ಎರಡಕ್ಕೂ ಸಕಾರಣವಿದ್ದರೆ ಇನ್ನೂ 60 ದಿನ ಸಿಗಬಹುದು. ನೀವು ಬರೆದಿಟ್ಟ ದಿನಾಂಕಗಳಿಗೆ ಬೆಲೆ ಬರುವುದು ಇಲ್ಲಿ. ರಾಜಸ್ಥಾನದ ಬಿಚ್ಛ್ರಿ ಗ್ರಾಮದ ಮಣ್ಣು ಮತ್ತು ಬಾವಿಗಳು ರಾಸಾಯನಿಕ ಕಾರ್ಖಾನೆಗಳಿಂದ ಹಾಳಾದಾಗ, ಸರಿಪಡಿಸುವ ಖರ್ಚನ್ನೂ ಕೆಡಿಸಿದವರೇ ತೆರಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲಿ ತೀರ್ಪಿತ್ತಿದೆ.

2025ರ ಜುಲೈನಲ್ಲಿ ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ ನಿಯಮ ತಂದಿದೆ. ಜಿಲ್ಲಾಡಳಿತ ಶಂಕಿತ ಸ್ಥಳಗಳ ಪಟ್ಟಿಯನ್ನು ಆರು ತಿಂಗಳಿಗೊಮ್ಮೆ ಕೊಡಬೇಕು. ಕಸ ಸುರಿಯುವ ಜಾಗದ ಘನತ್ಯಾಜ್ಯ ಸಾಮಾನ್ಯವಾಗಿ ಈ ನಿಯಮಗಳ ಹೊರಗೆ. ಆದರೆ ಅದರಲ್ಲಿ ಬೆರೆತ ಅಪಾಯಕಾರಿ ರಾಸಾಯನಿಕ ನಿಗದಿತ ಮಟ್ಟ ಮೀರಿದ್ದರೆ ಆ ಜಾಗವೂ ನಿಯಮದ ವ್ಯಾಪ್ತಿಗೆ ಬರುತ್ತದೆ. ಪರೀಕ್ಷೆಯ ಅಂಕಿಯಿಲ್ಲದೆ ಇದನ್ನು ಸಾಬೀತು ಮಾಡಲಾಗದು. ಮಾದರಿಗೆ ಇಷ್ಟು ಒತ್ತು ಕೊಟ್ಟದ್ದು ಅದಕ್ಕೇ.

ಉಚಿತ ಕಾನೂನು ನೆರವು

ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಸಹಾಯವಾಣಿ 15100.

ವರದಿ ಬರುವವರೆಗೆ ಸುಟ್ಟ ಜಾಗದಲ್ಲಿ ದನ, ಕೋಳಿ ಮೇಯಲು ಬಿಡಬೇಡಿ, ಅಲ್ಲಿನ ಬೂದಿಯನ್ನು ಗೊಬ್ಬರವೆಂದು ಹೊಲಕ್ಕೆ ಹಾಕಬೇಡಿ, ಮಕ್ಕಳನ್ನು ಅಲ್ಲಿ ಆಡಲು ಕಳಿಸಬೇಡಿ. ಬೆಂಕಿ ಆರಿ ತಿಂಗಳಾಗಿದ್ದರೂ ದೂರು ಕೊಡಲು ತಡವಾಗಿಲ್ಲ. ಓಣಿಯ ಹತ್ತು ಜನ ಸಹಿ ಹಾಕಿ ಮಣ್ಣಿನ ಪರೀಕ್ಷೆಗೆ ಈ ವಾರವೇ ಅರ್ಜಿ ಕೊಡಿ.